ರಾಮಿಯ ಜಡೆಗೆ ನೂಲಿನ ಹೂ

ಚೆಟ್ಟಳ್ಳಿ
೧೪ ಮಾರ್ಚ್ ೧೯೫೪

ಪ್ರೀತಿಯ ಚಲುವಕ್ಕನಿಗೆ ನಿನ್ನ ತಂಗಿ ನಿಂಗಿಯ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಶಿರಂಗಾಲದಲ್ಲಿ ನೀನು, ಜವರಯ್ಯ ಭಾವ, ನಿಮ್ಮ ಅತ್ತೆಯವರು, ಮದುವಣಗಿತ್ತಿ ರಾಮಿ, ಕೊಟ್ಟಿಗೆಯ ದನಕರು ಎಲ್ಲ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬಯ್ಯಬೇಡ. ಬಯ್ದರೂ ಇಲ್ಲಿಗೆ ಕೇಳಿಸುವುದಿಲ್ಲ ಬಿಡು. ನಿನ್ನ ಮೈದುನ ಸಣ್ಣಸ್ವಾಮಿ ಬಂದು ಹೋದ ಮಾರನೆಯ ದಿನವೇ ಬರೆಯಬೇಕಿತ್ತು. ಅಷ್ಟರಲ್ಲಿ ನಾನು ನೋಡಿಕೊಳ್ಳುವ ಎಸ್ಟೇಟಿನ ತೊಟ್ಟಿಲ ಮನೆಯ ಮಕ್ಕಳಿಗೆಲ್ಲ ಒಟ್ಟಿಗೆ ನಾಯಿಕೆಮ್ಮು ಹತ್ತಿಕೊಂಡಿತು. ಅಮ್ಮಂದಿರು ತೋಟದಲ್ಲಿ ಮೆಣಸು ಆಯುತ್ತಿದ್ದರೆ ಇಲ್ಲಿ ಒಂದು ಮಗುವಿನ ಕೆಮ್ಮು ನಿಲ್ಲುವಷ್ಟರಲ್ಲಿ ಇನ್ನೊಂದರದು ಶುರುವಾಗುತ್ತಿತ್ತು. ನಮ್ಮವರು ಜ್ವರದಲ್ಲಿ ಹೋದ ಮೇಲೆ ಎಸ್ಟೇಟಿನವರು ನನಗೆ ಈ ಕೆಲಸ ಕೊಟ್ಟಾಗ, ಅಯ್ಯೋ ಕೂಲಿಗಳ ಕೂಸು ಆಡಿಸುವುದೇ ಎಂದು ನೀನು ಮೂಗು ಮುರಿದಿದ್ದೆ, ನೆನಪಿದೆಯೇ? ಈಗ ನೋಡು, ಈ ಕೂಸುಗಳಿಲ್ಲದಿದ್ದರೆ ನನಗೆ ಹೊತ್ತೇ ಹೋಗುವುದಿಲ್ಲ.

ಸಣ್ಣಸ್ವಾಮಿ ತಂದುಕೊಟ್ಟ ರಾಗಿಹಿಟ್ಟು ಬಹಳ ಚೆನ್ನಾಗಿದೆ. ಅವನು ಹೇಳಿದ ನಿನ್ನ ಬೇಡಿಕೆಯನ್ನೂ ಕೇಳಿದೆ. ರಾಮಿಯ ಮೊಗ್ಗಿನ ಜಡೆಗೆ ನೂಲಿನ ಹೂ ಬೇಕು, ಬೆಳಿಗ್ಗೆ ಮುಡಿಸಿದ ಮಲ್ಲಿಗೆ ಈ ಬಿಸಿಲಿಗೆ ಆರತಿಯ ಹೊತ್ತಿಗೆಲ್ಲ ಬಾಡಿ ನೇತಾಡುತ್ತದೆ, ನಿಂಗಿ ಮಾಡುವ ಹೂವಾದರೆ ಬಾಡುವುದಿಲ್ಲ ಎಂದು ನೀನು ಹೇಳಿ ಕಳಿಸಿದೆಯಂತೆ. ಆಹಾ, ಅಂತೂ ನನ್ನ ಹೂವನ್ನು ಹೊಗಳಿದೆಯಲ್ಲ! ಮೊದಲ ಸಲ ನಾನು ಕ್ರೋಶಾ ಕಡ್ಡಿ ಹಿಡಿದಾಗ, ಇದೇನೇ ಮೀನು ಹಿಡಿಯುವ ಕೊಕ್ಕೆಯೇ ಎಂದು ನಕ್ಕವಳು ನೀನು. ಆ ಕಡ್ಡಿ ಎಸ್ಟೇಟಿನ ದೊರೆಸಾನಿ ತಮ್ಮ ದೇಶಕ್ಕೆ ಹೊರಟಾಗ ಕೊಟ್ಟದ್ದು. ಇಂದಿಗೂ ಅದರಲ್ಲೇ ಹೆಣೆಯುತ್ತೇನೆ.

ಹೋದ ಸಲ ಕಾಫಿ ಕೊಯ್ಲಿಗೆ ರಾಮಿ ಬಂದು ನನ್ನ ಜೊತೆ ಇದ್ದಳಲ್ಲ, ಆಗ ಅವಳಿಗೂ ಹೂ ಹೇಳಿಕೊಟ್ಟಿದ್ದೆ. ಮರೆತಿದ್ದರೆ ನೀನೇ ಇದನ್ನು ಓದಿ ಹೇಳು. ಮೊದಲು ಸರಪಣಿ ಹಾಕಿ ಸಣ್ಣ ಉಂಗುರ ಮಾಡಿಕೊಳ್ಳಬೇಕು. ಅದರ ಸುತ್ತ ಕಮಾನು ಕಮಾನಾಗಿ ಮತ್ತೆ ಸರಪಣಿ. ಒಂದೊಂದು ಕಮಾನಿನೊಳಗೂ ಮೊದಲು ಗಿಡ್ಡ ಹೆಣಿಗೆ, ನಡುವೆ ಉದ್ದದ್ದು, ಕೊನೆಗೆ ಮತ್ತೆ ಗಿಡ್ಡದ್ದು ತುಂಬಿದರೆ ದಳ ಉಬ್ಬಿಕೊಳ್ಳುತ್ತದೆ. ಅದರ ಬೆನ್ನಿಗೆ ಇನ್ನೊಂದು ಸುತ್ತು ಕಮಾನು, ಇನ್ನಷ್ಟು ಅಗಲದ ದಳ. ಕೈ ಸಡಿಲವಿರಬೇಕು. ನಿನ್ನ ಮಗಳು ನೂಲನ್ನು ಹಗ್ಗ ಜಗ್ಗಿದ ಹಾಗೆ ಜಗ್ಗುತ್ತಾಳೆ, ಅವಳ ಮೊದಲ ಹೂ ಹೂವಾಗದೆ ಬಟ್ಟಲಾಯಿತು! ಆ ಬಟ್ಟಲಿಗೆ ಉಪ್ಪಿನಕಾಯಿ ಹಾಕಿಕೊಡು ಚಿಕ್ಕವ್ವ ಎಂದು ಅವಳೇ ಬಿದ್ದು ಬಿದ್ದು ನಕ್ಕಳು. ಅದನ್ನು ನಾನು ಎಸೆದಿಲ್ಲ.

ಆದಮೇಲೆ ಅನ್ನದ ಗಂಜಿಯಲ್ಲಿ ಅದ್ದಿ, ದಳಗಳನ್ನು ಬೆರಳಲ್ಲಿ ತಿದ್ದಿ, ನೆರಳಲ್ಲಿ ಒಣಗಿಸಬೇಕು. ಅಂಗಳದ ಬಿಸಿಲಿಗಿಟ್ಟರೆ ಗಂಜಿಗೆ ಇರುವೆ ಬರುತ್ತದೆ, ಬಣ್ಣವೂ ಹೋಗುತ್ತದೆ. ಕಂದು ಹೂಗಳಿಗೆ ನಾನು ಕಾಫಿ ಡಿಕಾಕ್ಷನ್ನಿನಲ್ಲೇ ಬಣ್ಣ ಕೊಟ್ಟಿದ್ದೇನೆ, ಮೂಸಿದರೆ ಇನ್ನೂ ವಾಸನೆ ಬರುತ್ತದೆ.

ಎಸ್ಟೇಟಿನ ಡ್ರೈವರ್ ಮಲ್ಲ ಗೊಬ್ಬರ ತರಲು ನಿಮ್ಮ ಕಡೆ ಬರುತ್ತಿದ್ದಾನೆ. ಅವನ ಕೈಲಿ ಪೊಟ್ಟಣ ಕೊಟ್ಟಿದ್ದೇನೆ. ಬಿಚ್ಚಿದ ಮೇಲೆ ಯಾವುದು ಎಲ್ಲಿಗೆಂದು ತಲೆ ಕೆಡಿಸಿಕೊಳ್ಳಬೇಡ. ಕೆಂಪು ಹೂವಿನ ಬಟ್ಟೆ ನೀರಿನ ಬಿಂದಿಗೆಗೆ ಮುಚ್ಚುವುದು. ಗಾಳಿಗೆ ಹಾರದ ಹಾಗೆ ಒಂದೊಂದು ಹೂವಿನ ಕೆಳಗೂ ಮಣಿ ಕಟ್ಟಿದ್ದೇನೆ. ಜೋಡಿ ದಿಂಬಿನ ಚೀಲಗಳಿಗೆ ಮೂಲೆಯಲ್ಲಷ್ಟೇ ಹೂ ಇದೆ, ನಡುವೆ ಇಟ್ಟರೆ ಕೆನ್ನೆಗೆ ಒತ್ತಿ ಅಚ್ಚು ಬೀಳುತ್ತದೆ. ಬಿಡಿ ಹೂಗಳನ್ನು ರವಿಕೆಯ ತೋಳಿಗೆ ಹೊಲಿಸು. ಅವುಗಳಿಗೆ ನೂಲಿನ ಬಾಲ ಬಿಟ್ಟಿದ್ದೇನೆ, ಗಲೀಜು ಎಂದು ಕತ್ತರಿಸಿಬಿಟ್ಟೀಯೆ, ಹೊಲಿಯುವುದಕ್ಕೇ ಅದು. ಪುಟ್ಟ ಹಳದಿ ಹೂವಿನ ಟೋಪಿ ಯಾರಿಗೆ ಎಂದು ಈಗ ಬರೆದರೆ ರಾಮಿ ನಾಚಿ ಒಳಗೆ ಓಡುತ್ತಾಳೆ. ಪೆಟ್ಟಿಗೆಯ ತಳದಲ್ಲಿ ಹಾಕಿಡು, ಕಾಲ ಬಂದಾಗ ತೆಗೆದರಾಯಿತು.

ನಿಮ್ಮ ಅತ್ತೆಯವರಿಗೆ ಎಲೆಅಡಿಕೆ ಚೀಲ ಮಾಡಿದ್ದೇನೆ. ಎಲ್ಲಕ್ಕಿಂತ ದೊಡ್ಡ ಹೂ ಅದರ ಬಾಯಿಗೇ ಇದೆ. ಅದನ್ನು ನೀನೇ ಅವರ ಕೈಗೆ ಕೊಡು, ನಿಂಗಿ ಕಾಲಿಗೆ ಬಿದ್ದಳು ಎಂದು ಹೇಳು.

ಜಡೆಯ ಹೂವಿನ ಮಾತು ಕೊನೆಗೆ ಬರೆಯುತ್ತೇನೆ.

ತೊಟ್ಟಿಲ ಮನೆಯಲ್ಲೂ ಈಗ ನನ್ನ ಹೂವಿನದೇ ಆಡಳಿತ. ದೊಡ್ಡಿ ಎಂಬ ಹೆಂಗಸು ಒಂದು ಸಂಜೆ ಅವಸರದಲ್ಲಿ ತನ್ನ ಮಗುವಿಗೆ ಇನ್ಯಾರದೋ ಮಗುವಿನ ಕಂಬಳಿ ಹೊದಿಸಿ ಕೂಲಿ ಲೈನಿನ ಮನೆಗೆ ಎತ್ತಿಕೊಂಡು ಹೋದಳು. ಅಷ್ಟಕ್ಕೇ ರಂಪವೋ ರಂಪ. ಅಂದಿನಿಂದ ಪ್ರತಿ ಮಗುವಿನ ಕಂಬಳಿಗೂ ಒಂದೊಂದು ಬಣ್ಣದ ಹೂ ಹೊಲಿದಿದ್ದೇನೆ. ಈಗ ಅಮ್ಮಂದಿರು ಬಾಗಿಲಲ್ಲೇ ನಿಂತು, “ನೀಲಿ ಹೂ ಕೊಡಿ ಅಮ್ಮಾ, ನೀಲಿ ಹೂ!” ಎಂದು ಕೂಗುತ್ತಾರೆ. ಮಕ್ಕಳ ಹೆಸರೇ ಮರೆತುಹೋಗಿದೆ.

ಇನ್ನು ಸಣ್ಣಸ್ವಾಮಿ ಹೇಳಿದ ಎರಡನೆಯ ಮಾತು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ಅವನು ಏಳಲಿಲ್ಲ. ಟವೆಲಿನ ಅಂಚು ತಿರುಚುತ್ತ, “ನಿಂಗಕ್ಕ, ಬೇಜಾರ್ ಮಾಡ್ಕಬ್ಯಾಡಿ. ನೀವು ಧಾರೆ ಮುಗುದ್ ಮ್ಯಾಲೆ ಬಂದ್ರೆ ಸಾಕಂತೆ. ಜಡೆ ಹೂ ಮುಡ್ಸೋದು, ಅರಿಶಿಣ ಹಚ್ಚೋದು ಎಲ್ಲ ಮುತ್ತೈದೇರ್ ಶಾಸ್ತ್ರ ನೋಡಿ” ಎಂದ. ಆಯ್ತಪ್ಪ, ಅದಕ್ಕೇಕೆ ಇಷ್ಟು ಬೆವರುತ್ತೀಯ ಎಂದೆ. ರಾಮಿ ಮಾತ್ರ ಚಿಕ್ಕವ್ವನೇ ಮುಡಿಸಬೇಕೆಂದು ಹಟ ಹಿಡಿದಿದ್ದಾಳೆಂದೂ ಅವನೇ ಹೇಳಿದ. ಚಿಕ್ಕಂದಿನಲ್ಲಿ ನನ್ನ ಕೈಯಲ್ಲೇ ಬೆಳೆದ ಹುಡುಗಿಯ ಮಾತು, ಮನಸ್ಸಿಗೆ ಹಿತವಾಯಿತು. ಶಾಸ್ತ್ರ ನಮ್ಮಿಂದ ಶುರುವಾದದ್ದಲ್ಲ. ನಮ್ಮವರು ಹೋದಾಗಿನಿಂದ ನಾನೇ ಎಷ್ಟೋ ಚಪ್ಪರಗಳಲ್ಲಿ ಹಿಂದಿನ ಸಾಲಿಗೆ ಸರಿದು ನಿಂತಿದ್ದೇನೆ, ಯಾರೂ ಹೇಳುವ ಮೊದಲೇ.

ಪಕ್ಕದ ಮನೆಯ ಪೊನ್ನಮ್ಮ ನಿನಗೆ ಗೊತ್ತಲ್ಲ, ಮಾತೆಂದರೆ ಕತ್ತಿ. ಅವಳು ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಸಣ್ಣಸ್ವಾಮಿ ಗೇಟು ದಾಟುವುದೇ ತಡ, “ಹೂ ಬೇಕು ಗಡ, ಹೂ ಮಾಡ್ದವು ಬೇಡ ಗಡ! ಲಾಯ್ಕ ಉಟ್ಟು!” ಹೂ ಬೇಕಂತೆ, ಮಾಡಿದವಳು ಬೇಡವಂತೆ, ಚೆನ್ನಾಗಿದೆ ಎಂದು ಮೊರದಲ್ಲಿದ್ದ ಅಕ್ಕಿಯನ್ನು ಕೇರಿದ್ದೇ ಕೇರಿದ್ದು. ಅರ್ಧ ಅಕ್ಕಿ ಕೋಳಿಗಳ ಪಾಲಾಯಿತು. ಅವಳಿಗೆ ಸಮಾಧಾನ ಹೇಳಬೇಕಾದ ಕೆಲಸವೂ ನನಗೇ ಬಂತು!

ಇಲ್ಲಿ ಹೂಮಳೆ ಇನ್ನೂ ಬಿದ್ದಿಲ್ಲ. ಕಾಫಿ ಗಿಡಗಳಲ್ಲಿ ಮೊಗ್ಗು ಕಾಯುತ್ತಿದೆ, ಎಲ್ಲರೂ ಆಕಾಶ ನೋಡುತ್ತಿದ್ದಾರೆ. ಭಾವನ ಮೊಣಕಾಲು ನೋವು ಹೇಗಿದೆ? ಚಪ್ಪರದ ಕೆಲಸವನ್ನೆಲ್ಲ ಅವರೇ ಮೈಮೇಲೆ ಹಾಕಿಕೊಳ್ಳದ ಹಾಗೆ ನೋಡಿಕೋ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ಮದುವೆ ಮನೆ ಎಂದರೆ ಊರಿಗೆಲ್ಲ ಬಡಿಸಿ ತಾನು ಉಪವಾಸ ಕೂರುವುದು ನಿನ್ನ ಚಾಳಿ.

ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ರಾಮಿ ನೂರು ಕಾಲ ಮುತ್ತೈದೆಯಾಗಿ, ಹೋದ ಮನೆಯಲ್ಲಿ ನಗುನಗುತ್ತ ಬಾಳಲಿ. ಅವಳ ಕೈ ಸಡಿಲವಾಗಲಿ, ಹೂ ಬಟ್ಟಲಾಗದಿರಲಿ.

ನಿನ್ನ ತಂಗಿ
ನಿಂಗಮ್ಮ

ತಾ. ಕ.: ಅಕ್ಕ, ಈ ಚೀಟಿಯನ್ನು ಬೇರೆಯಾಗಿ ಬರೆದು ದಿಂಬಿನ ಚೀಲದೊಳಗೆ ಇಟ್ಟಿದ್ದೇನೆ. ಮೇಲಿನ ಕಾಗದವನ್ನು ನೀನು ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತೀಯೆಂದು ಗೊತ್ತು. ಇದು ನಿನಗೊಬ್ಬಳಿಗೆ. ರಾಮಿಗೆ ತೋರಿಸಬೇಡ.

ಆ ಮಾತು ನಿಮ್ಮ ಅತ್ತೆಯದೆಂದೇ ನಾನು ತಿಳಿದಿದ್ದೆ. ಹಳೆಯ ಕಾಲದವರು, ಅನ್ನಲಿ ಎಂದುಕೊಂಡೆ. ಗೇಟಿನವರೆಗೆ ಕಳಿಸಲು ಹೋದಾಗ ಸಣ್ಣಸ್ವಾಮಿಗೆ ತಡೆಯಲಾಗಲಿಲ್ಲ. “ಅವ್ವ ಏನೂ ಅನ್ನಿಲ್ಲ ನಿಂಗಕ್ಕ. ಸಾಕಿದ್ ಕೈ, ಅವ್ಳೇ ಮುಡಿಸ್ಲಿ ಬಿಡು ಅಂದ್ಲು ಅವ್ವ. ಅತ್ಗೆನೇ ಬ್ಯಾಡ ಅಂದಿದ್ದು” ಎಂದ. ಅವನನ್ನು ಬಯ್ಯಬೇಡ, ಪಾಪ, ಹೇಳಿ ಅವನೇ ಅತ್ತ.

ಅತ್ತೆ ಬೇಡವೆಂದಿದ್ದರೆ ನನಗೆ ನೋವಿರಲಿಲ್ಲ. ನೀನು ಅಂದೆಯಲ್ಲ ಎಂದು ಎದೆ ಉರಿಯುತ್ತದೆ. ಹೆತ್ತ ಹೊಟ್ಟೆ, ಹೆದರುತ್ತದೆ, ಅದೂ ಗೊತ್ತು. ನನ್ನ ಕೈ ತಾಗಿದರೆ ರಾಮಿಗೂ ನನ್ನ ಗತಿಯೇ ಬಂದೀತೆಂದು ಹೆದರಿದ್ದೀಯ. ಹಾಗಾದರೆ ಆ ಹೂವಿನ ಒಂದೊಂದು ಎಳೆಯೂ ನನ್ನ ಬೆರಳ ಮೇಲೇ ಹಾದು ಬಂದದ್ದಲ್ಲವೇ ಅಕ್ಕ?

ಜಡೆಯ ಹೂ ಪೊಟ್ಟಣದಲ್ಲಿಲ್ಲ. ಅದನ್ನು ಮೊದಲು ಮುಗಿಸಿದ್ದೆ. ಬಿಳಿಯ ನೂಲು, ಒಳ್ಳೆಯದು, ಮಡಿಕೇರಿ ಸಂತೆಯಿಂದ ಪೊನ್ನಮ್ಮ ತಂದುಕೊಟ್ಟದ್ದು. ನನ್ನ ಪೆಟ್ಟಿಗೆಯಲ್ಲಿದೆ. ಬಚ್ಚಿಟ್ಟುಕೊಂಡು ಹಟ ಮಾಡುವವಳು ನಾನಲ್ಲ, ನನ್ನ ಮಗುವಿನ ಜಡೆ ಬರಿದಾಗಿರುವುದನ್ನು ನಾನು ಸಹಿಸುವುದಿಲ್ಲ. ಮಲ್ಲನ ಜೀಪು ಮುಂದಿನ ವಾರವೂ ನಿಮ್ಮ ಕಡೆ ಬರುತ್ತದೆ. ಅವನ ಹತ್ತಿರ ಒಂದು ಸಾಲು ಬರೆದು ಕಳಿಸು. ಬಾ ಎಂದರೆ ಹೂವಿನ ಜೊತೆ ನಾನು ಬರುತ್ತೇನೆ. ಬೇಡ ಎಂದರೆ ಹೂ ಒಂದೇ ಬರುತ್ತದೆ.

ಎರಡರಲ್ಲಿ ಯಾವುದಾದರೂ ಸರಿ, ನೀನೇ ಬರೆ. ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸಬೇಡ.