ಗೋಡೆಯ ಮೇಲಿನ ವಸಂತಿ

ಜೂನ್ ೧೧, ಬುಧವಾರ. ಮಸಿನಗುಡಿ

ಮಾದಿಯನ್ನು ಕೇಳದೆ ಅವಳ ಮಗಳ ಫೋಟೊವನ್ನು ಪೋಸ್ಟರಿಗೆ ಹಾಕಿದೆ. ಇದು ತಪ್ಪು.

ಚಿಕಿತ್ಸೆ ಶುರುವಾದ ದಿನ, ವಸಂತಿಯ ಪಕ್ಕೆಲುಬು ಎದ್ದು ಕಾಣುತ್ತಿದ್ದಾಗ, ಮುಂದೆ ಹೋಲಿಸಿ ನೋಡಲೆಂದು ತೆಗೆದದ್ದು. ಅದು ಆಸ್ಪತ್ರೆಯ ಕಡತದಲ್ಲೇ ಇರಬೇಕಿತ್ತು. ಕಾಡಂಚಿನ ಮಕ್ಕಳ ಹಸಿವನ್ನು ಜನ ಕಣ್ಣಾರೆ ಕಾಣಲಿ ಎಂಬ ಆವೇಶದಲ್ಲಿ ಅಚ್ಚು ಹಾಕಿಸಿ ಬಸ್ ನಿಲ್ದಾಣದ ಗೋಡೆಗೆಲ್ಲ ಅಂಟಿಸಿದೆ. ಮಗುವಿನ ಕ್ಷಯದ ಮಾತ್ರೆ ಮುಗಿದರೂ ಮಾದಿ ಬರಲಿಲ್ಲ. ಸಂಜೆ ನಾನೇ ಮಾತ್ರೆ ಹಿಡಿದು ಅವರೂರು ಮಾವನಲ್ಲಕ್ಕೆ ಹೋದೆ.

"ಬಾ ಡಾಕ್ಟರಮ್ಮಾ, ಇವತ್ತು ಕ್ಯಾಮೆರಾ ತಂದಿಲ್ವಾ?" ಎಂದಳು. "ಟೀ ಕುಡಿಯಾಕೆ ಹೋದ್ರೆ ಟೀಕಡೆಯಲ್ಲಿ ಇವಳಪ್ಪನ್ನ ಕೇಳ್ತಾರೆ, ಮಗೀಗೆ ಹೊಟ್ಟೆಗೆ ಸೋರು ಹಾಕಲ್ವೇನೋ ಜಡೆಯಾ ಅಂತ."

"ಎಲ್ಲ ಮಕ್ಕಳಿಗೋಸ್ಕರ ಹಾಕಿದ್ದು, ಮಾದಿ."

"ಹಂಗಾದ್ರೆ ನಿನ್ನ ಅಕ್ಕನ ಮಗೀನ ಬಟ್ಟೆ ಬಿಚ್ಚಿ ಅಂಟಿಸು."

ಅರವಂಕಾಡಿನಲ್ಲಿ ಅಕ್ಕನ ಮಗ ಪವನ್‌ಗೆ ಫಿಟ್ಸ್ ಬಂದದ್ದನ್ನು ಪಕ್ಕದ ಮನೆಗೂ ಹೇಳಬೇಡ ಎಂದವಳು ನಾನೇ. ಬಡವರ ಮಾನದ ಬಗ್ಗೆ ಎಷ್ಟು ಕರಪತ್ರ ಓದಿದ್ದೇನೆ, ಎಷ್ಟು ಸಾಲುಗಳಿಗೆ ಗೆರೆ ಎಳೆದಿದ್ದೇನೆ!

ವಸಂತಿ ಈಗ ಕೆನ್ನೆ ತುಂಬಿಕೊಂಡಿದ್ದಾಳೆ. ನಗುತ್ತ ನನ್ನ ಸ್ಟೆತಸ್ಕೋಪ್ ಎಳೆದಳು. ತಾಯಿ ಮೆಲ್ಲಗೆ ಅವಳ ಕೈ ಬಿಡಿಸಿದಳು. ಕಣ್ಣು ಮುಚ್ಚಿದರೆ ಅದೇ ಬರುತ್ತಿದೆ.

ಮಾತ್ರೆಯನ್ನು ಮಾದಿ ಇಸಿದುಕೊಂಡಳು. ಮಗುವನ್ನು ಆಸ್ಪತ್ರೆಗೆ ಕರೆತಂದು ತೂಕ ನೋಡದೆ ಮುಂದೆ ಎಷ್ಟು ಕೊಡಬೇಕೆಂದು ಹೇಗೆ ಹೇಳಲಿ ಎಂದೆ.

"ಮೊದಲು ಗೋಡೆ ಕ್ಲೀನ್ ಆಗಲಿ. ನಾನೇ ಬಂದು ನೋಡ್ತೀನಿ. ಒಂದು ಕಂಡ್ರೂ ಮಗೀನ ಕರ್ಕೊಂಡು ವಾಪಸ್."

ನಾಳೆ ನಾನೇ ಕೆರೆಯಬೇಕು, ಬೇರೆಯವರನ್ನು ಕಳಿಸಬಾರದು. ಮೈದಾ ಅಂಟು, ಗಟ್ಟಿ ಹಿಡಿದಿರುತ್ತದೆ. ಆ ಮುಖವನ್ನು ಉಗುರಿನಿಂದ ಕೆರೆಯುವುದೆಂದರೆ…

ಮಾದಿ ಮಗುವಿನೊಂದಿಗೆ ಬರುವುದು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಬಸ್ ನಿಲ್ದಾಣದ ಗೋಡೆಯ ಮುಂದೆ.