ಕಂಬಳಿ ಹೊದ್ದು ಕೂತ ಬೆಳಗ್ಗೆ

ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಮ್
4 ಏಪ್ರಿಲ್ 2001, ಬುಧವಾರ

ಪ್ರೀತಿಯ ನೀಲಕ್ಕ,

ನಾನಿಲ್ಲಿ ಕ್ಷೇಮ ಅಂತ ಬರೆಯಲು ಹೊರಟು ಎರಡು ಹಾಳೆ ಹರಿದುಹಾಕಿದೆ. ಗಾಬರಿಯಾಗಬೇಡ, ಮೈಗೇನೂ ಆಗಿಲ್ಲ. ಮಂಡಿ ಎರಡೂ ತರಚಿವೆ, ಅಷ್ಟೆ. ಅವು ಯಾಕೆ ತರಚಿದವು ಅಂತ ಹೇಳೋಕೇ ಈ ಕಾಗದ.

ನಿನ್ನ ಕಾಗದ ಸಿಕ್ಕಿತು. ಅಂಗನವಾಡಿ ಟೀಚರ್ ತಡವಾಗಿ ಬಂದ ದಿನ ನೀನೇ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟೆ, ಆಮೇಲೆ ಆಯಮ್ಮ ಆಯಮ್ಮನ ಹಾಗಿರಬೇಕು ಅಂತ ಬೈಸಿಕೊಂಡೆ ಅಂತ ಬರೆದಿದ್ದೆ. ಅದನ್ನು ನೀನು ನಗುತ್ತಾ ಬರೆದಿದ್ದೀಯ. ನನಗೆ ನಗು ಬರಲಿಲ್ಲ ಕಣಕ್ಕ.

ನಾನು ಈಗಿರುವ ಮನೆಯ ವಿಷಯ ನಿನಗೆ ಸರಿಯಾಗಿ ಬರೆದೇ ಇಲ್ಲ. ಡಾಕ್ಟರ್ ರಾಜೇಶ್ವರಿ ಮೇಡಂ ಮನೆಗೆ ಅಡುಗೆಗೆ ಅಂತ ಬಂದವನು ಎಂಟು ತಿಂಗಳಿಗೆ ಅಲ್ಲಿಂದ ಎದ್ದೆ. ಲೀಡ್ಸಿನ ಹೋಟೆಲಿನಲ್ಲಿ ಐದು ತಿಂಗಳು, ಮ್ಯಾಂಚೆಸ್ಟರಿನಲ್ಲಿ ನಾಲ್ಕು, ಆಮೇಲೆ ಇನ್ನೂ ಎಲ್ಲೆಲ್ಲೋ. ನಿನಗೆ ಗೊತ್ತಲ್ಲ, ನನ್ನ ಕಾಲು ನಿಂತಲ್ಲಿ ನಿಲ್ಲಲ್ಲ. ಕೊನೆಗೆ ಮೇಡಮ್ಮೇ ಕರೆದು, ನೋಡು ಶಿವು, ನನ್ನ ವಾರ್ಡಿನ ನರ್ಸ್ ಸಿನಾ ಅಂತ ಇದ್ದಾಳೆ, ಅವಳ ತಂದೆಗೆ ಸೊಂಟದ ಆಪರೇಷನ್ ಆಗಿದೆ, ಅವಳು ಪಾಳಿ ಪ್ರಕಾರ ಡ್ಯೂಟಿಗೆ ಹೋದಾಗ ಜೊತೆಗೆ ಒಬ್ಬರು ಬೇಕು, ಅಲ್ಲಿಂದಲೂ ಓಡಿಹೋದರೆ ನನಗೆ ಮುಖ ತೋರಿಸಬೇಡ ಅಂದರು. ಹೋದ ಸೆಪ್ಟೆಂಬರಿನಲ್ಲಿ ಬಂದೆ.

ಸಿನಾಳ ತಂದೆ ಟೋಮಾಸಿ. ನಾನು ಅಜ್ಜ ಅಂತಲೇ ಕರೆಯುವುದು. ಅವರಿಗೂ ಆ ಶಬ್ದ ಇಷ್ಟ, ಅವರ ಬಾಯಲ್ಲಿ ನಾನು ಸಿವ. ಅವರದು ಸಮೋವಾ ಅಂತ, ಸಮುದ್ರದ ನಡುವಿನ ಒಂದು ದೇಶ. ಇಡೀ ದೇಶ ಎಣಿಸಿದರೂ ನಮ್ಮ ಅರಸೀಕೆರೆ ತಾಲ್ಲೂಕಿನಷ್ಟು ಜನ ಇಲ್ಲವಂತೆ. ಆದರೆ ತೆಂಗಿನ ಮರ ಮಾತ್ರ ನಮ್ಮೂರಿನ ಹಾಗೇ. ಇಲ್ಲಿನ ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇದು ಸತ್ತು ಎಷ್ಟು ದಿನವಾಯಿತು ಅಂತ ಅಂಗಡಿಯವನನ್ನೇ ಕೇಳುತ್ತಾರೆ. ಮೊದಲ ವಾರವೇ ನಾನು ಕೆಸುವಿನ ಎಲೆಗೆ ಕಾಯಿಹಾಲು ಹಾಕಿ ಬೇಯಿಸಿಕೊಟ್ಟೆ. ಅಜ್ಜ ಒಂದು ತುತ್ತು ತಿಂದರು. ಇದನ್ನು ನಿನಗೆ ನಮ್ಮಮ್ಮ ಯಾವಾಗ ಕಲಿಸಿದಳು ಅಂದರು. ಅವತ್ತಿನಿಂದ ನನ್ನ ಕಾಲು ನಿಂತಿತು ಅಕ್ಕ.

ಅವರು ಸಾಮಾನ್ಯ ಮನುಷ್ಯರಲ್ಲ. ಅಲ್ಲಿ ಎಲೆಕ್ಷನ್ನಿಗೆ ಯಾರು ಬೇಕಾದರೂ ನಿಲ್ಲುವ ಹಾಗಿಲ್ಲವಂತೆ, ಮನೆತನದವರೆಲ್ಲ ಕೂತು ಯಜಮಾನ ಅಂತ ಹೆಸರು ಕೊಟ್ಟಿರಬೇಕು. ಅಜ್ಜ ಸ್ಕೂಲ್ ಮೇಷ್ಟ್ರಾಗಿದ್ದವರು, ಮೂವತ್ತನಾಲ್ಕನೇ ವಯಸ್ಸಿಗೆ ಯಜಮಾನಿಕೆ ಬಂತು, ಪಾರ್ಲಿಮೆಂಟಿಗೆ ಹೋದರು. ಒಂದು ವರ್ಷ ಮಂತ್ರಿ. ಯಾವುದೋ ಕಾಗದಕ್ಕೆ ಸಹಿ ಹಾಕಲ್ಲ ಅಂತ ಎದ್ದು ಬಂದರಂತೆ. ಯಾವ ಕಾಗದ ಅಂದರೆ ಈಗಲೂ ಬಾಯಿ ಬಿಡಲ್ಲ. ಆಮೇಲೆ ಹದಿನೈದು ವರ್ಷ ವಿರೋಧ ಪಕ್ಷದ ನಾಯಕ. ವಿರೋಧ ಪಕ್ಷ ಅಂದರೆ ಏನು ಕೆಲಸ ಅಜ್ಜ ಅಂತ ಒಂದು ದಿನ ಕೇಳಿದೆ. ಆಳುವವರು ಸುಳ್ಳು ಹೇಳುವಾಗ ಗಟ್ಟಿಯಾಗಿ ಕೆಮ್ಮುವುದು ಅಂದರು. ಕೆಮ್ಮಿ ಕೆಮ್ಮಿ ಮೂರು ಎಲೆಕ್ಷನ್ ಸೋತರು. ಅವರ ಜೊತೆಗಿದ್ದ ಹನ್ನೊಂದು ಮೆಂಬರುಗಳೂ ಎರಡು ಗುಂಪಾದರು. ಅಷ್ಟರಲ್ಲಿ ಸೊಂಟ ಕೆಟ್ಟಿತು, ಮಗಳು ಕರೆಸಿಕೊಂಡಳು.

ಒಂದು ಕತೆ ಮಾತ್ರ ಅವರು ನನಗೆ ಎರಡು ಸಲ ಹೇಳಿದ್ದಾರೆ. ಒಂದು ಎಲೆಕ್ಷನ್ನಿನಲ್ಲಿ ಅವರ ಪ್ರಚಾರದ ವ್ಯಾನು ಬೇರೆ ಹಳ್ಳಿಯ ಒಬ್ಬ ಮುದುಕಿಗೆ ಗುದ್ದಿ ಆಕೆ ತೀರಿಹೋದಳು. ಓಡಿಸಿದವನು ಬೇರೆ. ಆದರೂ ಬೆಳಕು ಹರಿಯುವ ಮೊದಲೇ ಅಜ್ಜ ಆಕೆಯ ಮನೆಯ ಮುಂದೆ ಮಂಡಿಯೂರಿ, ತಮ್ಮ ಮನೆತನದ ಒಳ್ಳೆಯ ಚಾಪೆಯನ್ನು ತಲೆ ಮೇಲೆ ಹೊದ್ದು ಕೂತರು. ಅದಕ್ಕೆ ಇಫೋಗಾ ಅನ್ನುತ್ತಾರೆ. ತಪ್ಪು ಮಾಡಿದವನ ಕಡೆಯವರು ಹಾಗೆ ಕೂರಬೇಕು. ನೊಂದವರು ಕಲ್ಲು ಹೊಡೆಯಬಹುದು, ನೋಡದ ಹಾಗೆ ಇರಬಹುದು. ಮನಸ್ಸು ಬಂದರೆ ಅವರೇ ಬಂದು ಚಾಪೆ ತೆಗೆಯಬೇಕು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮುದುಕಿಯ ಮಗ ಬಂದು ಚಾಪೆ ತೆಗೆದನಂತೆ. ಆ ಸಲ ಆ ಹಳ್ಳಿಯ ಓಟೆಲ್ಲ ಅಜ್ಜನಿಗೇ ಬಿತ್ತು. ನಾನು ಆ ಮುದುಕಿಗಾಗಿ ಕೂತೆನೋ ಓಟಿಗಾಗಿ ಕೂತೆನೋ, ಇವತ್ತಿಗೂ ನನಗೆ ಗೊತ್ತಿಲ್ಲ ಸಿವ ಅಂದರು.

ಈಗ ನನ್ನ ಕತೆಗೆ ಬರುತ್ತೇನೆ.

ಜನವರಿಯಲ್ಲಿ ಒಂದು ದಿನ ಬೆಳಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಅಜ್ಜ ಮಹಡಿ ಮೇಲೆ ಮಲಗಿದ್ದರು, ಸಿನಾ ಡ್ಯೂಟಿಯಲ್ಲಿದ್ದಳು. ಇಂಗ್ಲಿಷಿನಲ್ಲಿ ಮಾತಾಡಿದವನು ಪೆನಿ, ಅಜ್ಜನ ಪಕ್ಷದ ಕಾರ್ಯದರ್ಶಿ. ಎರಡು ಗುಂಪೂ ಒಂದಾಗಲು ಒಪ್ಪಿವೆ, ಆದರೆ ಟೋಮಾಸಿ ನಾಯಕರಾದರೆ ಮಾತ್ರ. ಫೆಬ್ರವರಿ ಒಂಬತ್ತರೊಳಗೆ ಅವರೇ ಬಂದು ನಾಮಪತ್ರಕ್ಕೆ ಸಹಿ ಹಾಕಬೇಕು, ಈ ಸಲ ಗೆಲ್ಲುತ್ತೇವೆ, ಬೇಗ ಫೋನ್ ಮಾಡಲು ಹೇಳು ಅಂದ. ಖುಷಿಯಲ್ಲಿ ಹೇಳಿದ್ದನ್ನೇ ಎರಡೆರಡು ಸಲ ಹೇಳಿದ. ಸಿನಾ ಫೋನಿನ ಪಕ್ಕ ಒಂದು ಪುಸ್ತಕ ಇಟ್ಟಿದ್ದಾಳೆ, ಯಾರು ಏನು ಹೇಳಿದರೂ ಅದರಲ್ಲಿ ಬರೆಯಬೇಕು. ನಾನು ಬರೆದೆ. ಬರೆದು, ಆ ಹಾಳೆ ಹರಿದು, ತೊಗರಿಬೇಳೆ ಡಬ್ಬಿಯ ತಳಕ್ಕೆ ಇಟ್ಟೆ.

ಯಾಕೆ ಅಂತೀಯ. ಅಜ್ಜನ ಸೊಂಟ ಇನ್ನೂ ಕೂಡಿಲ್ಲ, ಅಷ್ಟು ದೂರದ ವಿಮಾನ ಹೇಗೆ ಹತ್ತುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವರು ಹೋದರೆ ಈ ಮನೆಯಲ್ಲಿ ನನಗೇನು ಕೆಲಸ? ಮತ್ತೆ ಬ್ಯಾಗು ಹೆಗಲಿಗೆ ಹಾಕಿ ಸ್ಟೇಷನ್ನಿಗೆ ಹೋಗಬೇಕಿತ್ತು. ಈ ದೇಶದಲ್ಲಿ ನನ್ನನ್ನು ಊಟ ಆಯಿತಾ ಅಂತ ಕೇಳಿದವರು ಅವರೊಬ್ಬರೇ.

ಎರಡನೇ ಸಲ ಪೆನಿ ಫೋನ್ ಮಾಡಿದಾಗ ಮಲಗಿದ್ದಾರೆ ಅಂದೆ. ಮೂರನೇ ಸಲ ಮಾಡಿದಾಗ, ಅವರಿಗೆ ಹುಷಾರಿಲ್ಲ, ಬರಲ್ಲ ಅಂತ ಹೇಳಿದ್ದಾರೆ, ಇನ್ನು ಫೋನ್ ಮಾಡಬೇಡಿ ಅಂದೆ. ಆಮೇಲೆ ಪೆನಿ ನನಗೆ ಥ್ಯಾಂಕ್ಸ್ ಹೇಳಿದ.

ಮಾರ್ಚಿನಲ್ಲಿ ಎಲೆಕ್ಷನ್ ಆಯಿತು. ಎರಡು ಗುಂಪು ಬೇರೆ ಬೇರೆ ನಿಂತು ಎರಡೂ ಸೋತವು. ಸಿನಾ ಫ್ಯಾಕ್ಸ್ ತಂದು ತಂದೆಯ ಕೈಗೆ ಕೊಟ್ಟಳು. ಹದಿನೈದು ವರ್ಷ ದುಡಿದಿರಿ, ಒಬ್ಬರಾದರೂ ಒಂದು ಫೋನ್ ಮಾಡಿದರಾ ಅಂತ ಅಡುಗೆಮನೆಯಲ್ಲಿ ನಿಂತು ಅತ್ತಳು. ಅಜ್ಜ ಕನ್ನಡಕ ಮಡಚಿ ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿ, ಟೀ ಮಾಡುತ್ತೀಯಾ ಅಂದರು. ಅಷ್ಟೆ. ಆಮೇಲೆ ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ಕೆಸುವಿನ ಎಲೆ ಮಾಡಿದರೂ ತಟ್ಟೆ ಹಾಗೇ ವಾಪಸ್ಸು ಬರುತ್ತಿತ್ತು.

ಹೋದ ಶನಿವಾರ ಬೆಳಗ್ಗೆ ಆರೂವರೆಗೆ ನಾನು ಎದ್ದು, ಬರುವಾಗ ನೀನು ಕೊಟ್ಟಿದ್ದ ಕರಿ ಕಂಬಳಿ ತೆಗೆದುಕೊಂಡು ಮನೆ ಮುಂದೆ ಹೋದೆ. ಅಂಗಳ ಅನ್ನುವುದು ಎರಡು ಹೆಜ್ಜೆ, ಸಿಮೆಂಟು, ಪಕ್ಕದಲ್ಲಿ ಕಸದ ಡಬ್ಬ. ಬಾಗಿಲಿಗೆ ಮುಖ ಮಾಡಿ ಮಂಡಿಯೂರಿ ಕಂಬಳಿ ತಲೆ ಮೇಲೆ ಎಳೆದುಕೊಂಡೆ. ಕಂಬಳಿಯಲ್ಲಿ ಇನ್ನೂ ನಮ್ಮ ಮನೆಯ ಒಲೆಯ ವಾಸನೆ ಇದೆ ಅಕ್ಕ. ಎದುರು ಮನೆಯ ಕಾಲೇಜು ಹುಡುಗನೊಬ್ಬ ಬಂದು, ಬೀಗದ ಕೈ ಕಳೆದುಕೊಂಡೆಯಾ, ಒಳಗೆ ಬಾ, ಟೋಸ್ಟ್ ಕೊಡುತ್ತೇನೆ ಅಂದ. ಬೇಡ ಅಂದೆ. ಯಾರದೋ ನಾಯಿ ಬಂದು ಮೂಸಿ ಹೋಯಿತು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು.

ಎಂಟು ಗಂಟೆಗೆ ಸಿನಾ ರಾತ್ರಿ ಡ್ಯೂಟಿ ಮುಗಿಸಿ ಬಂದಳು. ಗೇಟಿನಲ್ಲೇ ಅವಳ ಬ್ಯಾಗು ಬಿದ್ದ ಸದ್ದು ಕೇಳಿಸಿತು. ಆ ಬೀದಿಯಲ್ಲಿ ಅದು ಏನು ಅಂತ ಗೊತ್ತಾಗುವುದು ಅವಳಿಗೆ ಮಾತ್ರ. ಏನು ಮಾಡಿದ್ದೀಯ ಅಂದಳು, ತೀರಾ ಸಣ್ಣ ದನಿಯಲ್ಲಿ. ಹೇಳಿದೆ. ಮೂರು ಫೋನು, ಬೇಳೆ ಡಬ್ಬಿ, ಎಲ್ಲ. ಅವಳು ಕಂಬಳಿ ಮುಟ್ಟಲಿಲ್ಲ. ನನ್ನ ಪಕ್ಕದಿಂದ ಬಳಸಿಕೊಂಡು ಒಳಗೆ ಹೋದಳು.

ಆಮೇಲೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮೆಟ್ಟಿಲ ಮೇಲೆ ಕೋಲಿನ ಸದ್ದು. ಒಂದೊಂದೇ ಮೆಟ್ಟಿಲು. ಹದಿನಾಲ್ಕು ಎಣಿಸಿದೆ. ಬಾಗಿಲು ತೆರೆಯಿತು. ಅಜ್ಜನಿಗೆ ಬಗ್ಗಲು ಆಗಲ್ಲ. ಕೋಲನ್ನು ತಲೆಕೆಳಗು ಮಾಡಿ, ಅದರ ಕೊಕ್ಕೆಗೆ ಕಂಬಳಿ ಸಿಕ್ಕಿಸಿ ಎಳೆದರು.

ನಾನು ಬಾಯಿ ತೆಗೆಯುವ ಮೊದಲೇ ಅವರು ಹೇಳಿದರು, ಪೆನಿಯ ಮೂರು ಫೋನೂ ನನಗೆ ಗೊತ್ತು ಅಂತ. ಮೊದಲ ಸಲ ನೀನು ಅವನ ಹೆಸರು ಹಿಡಿದು ಮಾತಾಡಿದ್ದು ಮೇಲಕ್ಕೆ ಕೇಳಿಸಿತು. ಮೂರನೇ ಸಲ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಹದಿನಾಲ್ಕು ಮೆಟ್ಟಿಲು ಇಳಿದು ಬಂದು ಫೋನ್ ಕಿತ್ತುಕೊಳ್ಳಬಹುದಿತ್ತು. ಇಳಿಯಲಿಲ್ಲ. ನಾಲ್ಕನೇ ಸಲ ಸೋಲಲು ನನಗೆ ಧೈರ್ಯ ಇರಲಿಲ್ಲ ಸಿವ. ನನ್ನ ಸುಳ್ಳನ್ನು ನೀನು ಹೇಳಿದೆ, ನಾನು ಹೇಳಿಸಿಕೊಂಡೆ. ಆಮೇಲೆ ನಿನ್ನ ಮುಖ ನೋಡಲು ಆಗಲಿಲ್ಲ ಅಂದರು.

ನಾನು ಅತ್ತುಬಿಟ್ಟೆ. ಅವರು ಆ ಕಂಬಳಿ ಕೊಡು ಅಂತ ಕೈ ಚಾಚಿದರು. ಸಿನಾ ಕುರ್ಚಿ ತಂದು ಹೊಸ್ತಿಲಿನಲ್ಲಿ ಹಾಕಿದಳು. ಅಜ್ಜ ಬೀದಿಗೆ ಮುಖ ಮಾಡಿ ಕೂತು, ಕಂಬಳಿಯನ್ನು ತಲೆ ಮೇಲೆ ಎಳೆದುಕೊಂಡರು. ಆ ಹನ್ನೊಂದು ಜನಕ್ಕಾಗಿ ಅಂದರು. ಅವರು ಯಾರೂ ಇಲ್ಲಿಗೆ ಬಂದು ಅದನ್ನು ತೆಗೆಯುವವರಲ್ಲ. ಅರ್ಧ ಗಂಟೆಯಾದ ಮೇಲೆ ಸಿನಾ ಬೈದು ಒಳಗೆ ಕರೆದುಕೊಂಡು ಹೋದಳು. ಅಜ್ಜ ಒಳಗೆ ಹೋಗಿ ಮೊದಲು ಮಾಡಿದ್ದು ಪೆನಿಗೆ ಫೋನು. ಅಲ್ಲಿ ಆಗಿನ್ನೂ ಶುಕ್ರವಾರ ರಾತ್ರಿಯೇ. ಅವರ ಭಾಷೆ ನನಗೆ ಬರಲ್ಲ, ಆದರೆ ತಪ್ಪೊಪ್ಪಿಕೊಳ್ಳುವ ದನಿ ಎಲ್ಲ ಭಾಷೆಯಲ್ಲೂ ಒಂದೇ ಥರ ಇರುತ್ತದೆ. ಪೆನಿ ಕೇಳಿಸಿಕೊಂಡು ಫೋನ್ ಇಟ್ಟನಂತೆ.

ಹಾಗಾಗಿ ಅಜ್ಜ ನನ್ನನ್ನು ಕ್ಷಮಿಸಿದರು ಅಂತ ನೀನು ಸಮಾಧಾನ ಪಡಬೇಡ. ಅವರು ಮೆಟ್ಟಿಲ ಮೇಲೆ ನಿಂತಿದ್ದು ನನಗೆ ಗೊತ್ತಿರಲಿಲ್ಲವಲ್ಲ. ನಾನು ಹೇಳಿದ ಸುಳ್ಳು ಪೂರ್ತಿ ನನ್ನದೇ.

ಅಪ್ಪನಿಗೆ ಇದನ್ನು ಓದಿ ಹೇಳಬೇಡ. ನೀನೊಬ್ಬಳೇ ಇರುವಾಗ ಮಿಕ್ಕಿದ್ದು ಓದು.

ನಿನ್ನ ತಮ್ಮ,
ಶಿವಕುಮಾರ

ಮರೆತದ್ದಲ್ಲ, ಕೊನೆಗೆ ಇಟ್ಟುಕೊಂಡದ್ದು: ಹೀಗೆ ಮುಚ್ಚಿಡುವುದು ಇದೇ ಮೊದಲಾ ಅಂತ ಅಜ್ಜ ಕೇಳಿದರು. ಹೂಂ ಅಂದೆ. ಅದೂ ಸುಳ್ಳು. ಈ ಕವರಿನಲ್ಲಿ ಒಂದು ಹಳೇ ಕಾರ್ಡು ಇದೆ, ಮಡಿಕೆಯಲ್ಲಿ ಹರಿಯುತ್ತಿದೆ, ಮೆಲ್ಲಗೆ ಬಿಡಿಸು. ಹಾಸನದ್ದು. ನಿನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದೆ, ಹದಿನೈದು ದಿನದೊಳಗೆ ಬಂದು ಸೇರಿಕೊಳ್ಳಬೇಕು ಅಂತಿದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಪೋಸ್ಟ್‌ಮ್ಯಾನ್ ನನ್ನ ಕೈಗೆ ಕೊಟ್ಟಿದ್ದ. ಅಮ್ಮ ಹೋಗಿ ವರ್ಷವೂ ಆಗಿರಲಿಲ್ಲ, ಅಪ್ಪನಿಗೆ ರೈಲ್ವೆ ಡ್ಯೂಟಿ, ನೀನೂ ಹಾಸ್ಟೆಲಿಗೆ ಹೋದರೆ ನಾನೊಬ್ಬನೇ ಅಂತ ಹೆದರಿದೆ. ನೀನು ಎರಡು ತಿಂಗಳು ದಿನಾ ಗೇಟಿನ ಹತ್ತಿರ ನಿಂತು ಪೋಸ್ಟ್‌ಮ್ಯಾನನನ್ನು ಕೇಳುತ್ತಿದ್ದೆ. ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತಿದ್ದೆ. ಹರಿದು ಎಸೆಯಲೂ ಆಗದೆ ಎಂಟು ವರ್ಷ ಊರೂರಿಗೆ ಹೊತ್ತುಕೊಂಡು ತಿರುಗಿದ್ದೇನೆ.

ಮೇ ಹನ್ನೆರಡಕ್ಕೆ ಅರಸೀಕೆರೆಗೆ ಬರುತ್ತೇನೆ. ಬೆಳಗ್ಗೆ ನೀನು ಬಾಗಿಲು ತೆಗೆದಾಗ ಮುಂದೆ ಕರಿ ಕಂಬಳಿ ಕಂಡರೆ ಅದು ನಾನು. ತೆಗೆಯಲೇಬೇಕು ಅಂತೇನಿಲ್ಲ. ನಿನಗೆ ಅಂಗನವಾಡಿಗೆ ಹೊತ್ತಾಗುತ್ತದೆ, ಬಳಸಿಕೊಂಡು ಹೋಗು. ಸಂಜೆ ನೀನು ಬರುವಾಗಲೂ ಅಲ್ಲೇ ಇರುತ್ತೇನೆ.