ಮಲ್ಲಿ ಬಸ್ಸು ನೋಡುತ್ತಿದ್ದಾಳೆ

ಮಾರ್ಚ್ ೧೨, ಮಧ್ಯಾಹ್ನ

ಇವಳೇ,

ಹೀಗೆ ಕರೆದು ವರ್ಷದ ಮೇಲಾಯಿತು. ಕರೆಯುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಬೇರೆ ಹೇಗೆ ಕರೆದರೂ ಪೆನ್ನು ಮುಂದೆ ಓಡುತ್ತಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಕಿತ್ತಾಡುತ್ತೇವೆ, ಗೋಡೆಯಾಚೆ ಮಗಳು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಾಳೆ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ, ನಡುವೆ ಬಾಯಿ ಹಾಕಲಾಗದು.

ನಾನು ಚೆನ್ನಾಗಿದ್ದೇನೆ. ಬಸ್ಸು, ಡಿಪೋ, ಮನೆ ಎಲ್ಲ ಎಂದಿನಂತೆ. ಬರೆಯುತ್ತಿರುವುದು ಮಲ್ಲಿಯ ವಿಷಯಕ್ಕೆ.

ಅವಳ ಬಾಯಿ ಮುಚ್ಚಿಸಲಾಗದೆ ‘ಮಾತಿನಮಲ್ಲಿ’ ಎಂದು ಹೆಸರಿಟ್ಟವಳು ನೀನೇ. ಈಗ ಅವಳ ಬಾಯಿಂದ ನಾಲ್ಕು ಮಾತು ಹೊರಟರೆ ಅದೇ ದೊಡ್ಡದು. ಶುರುವಾದದ್ದು ಹೊಟ್ಟೆನೋವಿನಿಂದ. ಶಾಲೆಗೆ ಹೊರಡುವ ಹೊತ್ತಿಗೆ ನೋವು, ವಾಂತಿ, ಅಂಗೈಯೆಲ್ಲ ಬೆವರು. ಹತ್ತನೇ ತರಗತಿಯ ಹುಡುಗಿ, ಪರೀಕ್ಷೆಗೆ ಹೆದರಿ ನೆಪ ಹೂಡುತ್ತಿದ್ದಾಳೆ ಎಂದುಕೊಂಡು ರೇಗಿದೆ. ಎದೆ ಹಿಡಿದುಕೊಂಡು ಕುಸಿದ ಮೇಲೆ ಡಾಕ್ಟರ ಹತ್ತಿರ ಓಡಿದೆ. ರಕ್ತ, ಎದೆ, ಹೊಟ್ಟೆ ಎಲ್ಲ ಪರೀಕ್ಷಿಸಿ, ಏನೂ ಇಲ್ಲ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿದಳು: “ಏನೂ ಇಲ್ಲ ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತಾನಾ ಅಪ್ಪಾ?”

ಆಮೇಲೆ ಒಂದು ಸಂಜೆ ಅವಳ ಫೋನು ಕಣ್ಣಿಗೆ ಬಿತ್ತು. ನಮ್ಮ ಬಸ್ಸುಗಳು ಎಲ್ಲಿವೆಯೆಂದು ಪ್ರಯಾಣಿಕರಿಗೆ ತೋರಿಸುವ ಆ್ಯಪ್ ಇದೆಯಲ್ಲ, ಅದು ತೆರೆದಿತ್ತು. ನಕಾಶೆಯ ಮೇಲೆ ನನ್ನ ಬಸ್ಸಿನ ನಂಬರು, ಒಂದು ಹಸಿರು ಚುಕ್ಕೆ. ದಿನವಿಡೀ ಅದನ್ನೇ ನೋಡುತ್ತಾಳಂತೆ. ನಿಜ ಹೇಳುತ್ತೇನೆ, ಮೊದಲು ಹೆಮ್ಮೆಯಾಯಿತು. ನನ್ನನ್ನು ಇಷ್ಟು ನೆನೆಯುವವರು ಇನ್ನಾರಿದ್ದಾರೆ? ಆದರೆ ಚುಕ್ಕೆ ಸಿಗ್ನಲ್ಲಿನಲ್ಲಿ ನಿಂತರೆ ಇವಳ ಉಸಿರು ನಿಲ್ಲುತ್ತಿತ್ತು. “ಅಪ್ಪಾ ಯಾಕೆ ನಿಂತಿದೆ? ಏನಾಯ್ತು? ಉತ್ತರ ಕೊಡು.” ಸ್ಟೇರಿಂಗ್ ಹಿಡಿದವನು ಉತ್ತರ ಕೊಡುವುದು ಹೇಗೆ? ಟರ್ಮಿನಲ್ಲಿಗೆ ಬಂದು ನೋಡಿದರೆ ಫೋನಿನ ತುಂಬ ಅವಳ ಮೆಸೇಜುಗಳೇ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಕೂತುಕೊಂಡು ಓದು.

ಕಳೆದ ತಿಂಗಳು ಗಣಿತದ ಪೂರ್ವಸಿದ್ಧತಾ ಪರೀಕ್ಷೆಯ ದಿನ, ಬಸ್ಸು ಎಲ್ಲಿದೆಯೆಂದು ಆ್ಯಪಿಗೆ ತಿಳಿಸುವ ಯಂತ್ರ ಕೆಟ್ಟಿತ್ತು. ಬಸ್ಸು ಓಡುತ್ತಿತ್ತು, ಚುಕ್ಕೆ ಮಾತ್ರ ಸೇತುವೆಯ ಮೇಲೆ ನಿಂತುಬಿಟ್ಟಿತ್ತು. ಪರೀಕ್ಷೆಯ ಕೋಣೆಗೆ ಹೋಗುವ ಮುಂಚೆ ಫೋನು ಒಪ್ಪಿಸಬೇಕಲ್ಲ, ಅವಳು ಕೊನೆಯ ಸಲ ನೋಡಿದ್ದು ಅದನ್ನೇ. ಮೊದಲ ಲೆಕ್ಕ ಬರೆದಳಂತೆ. ಎರಡನೆಯದಕ್ಕೆ ಪೆನ್ನು ಕೆಳಗಿಟ್ಟು ಎದ್ದವಳು, ಮೇಷ್ಟ್ರು ಕೂಗಿದರೂ ನಿಲ್ಲದೆ ಸೇತುವೆಯ ಕಡೆಗೆ ಓಡಿದ್ದಾಳೆ.

ಸೇತುವೆಗೆ ಹೋಗುವ ದಾರಿಯಲ್ಲೇ, ಮಾರುಕಟ್ಟೆಯ ತಿರುವಿನಲ್ಲಿ ನಾನು ಬರುತ್ತಿದ್ದೆ. ಬಸ್ಸು ತುಂಬಿ ತುಳುಕುತ್ತಿತ್ತು. ಶಾಲೆಯ ಬಟ್ಟೆಯ ಹುಡುಗಿಯೊಬ್ಬಳು ಎರಡೂ ಕೈ ಚಾಚಿ ರಸ್ತೆಯ ನಡುವೆ ಇಳಿದಳು. ನಮ್ಮ ಮಗಳೆಂದು ತಿಳಿಯುವ ಮುಂಚೆ ಕಾಲು ಬ್ರೇಕಿನ ಮೇಲಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು, ಒಬ್ಬ ಅಜ್ಜಿಯ ಹಣೆ ಒಡೆಯಿತು. ಬಸ್ಸಿಗೂ ಮಲ್ಲಿಗೂ ನಡುವೆ ಗೇಣು ಜಾಗ ಉಳಿದಿತ್ತು. ಇಳಿದು ಓಡಿದೆ. ಅವಳು ಬಸ್ಸಿನತ್ತ ನೋಡಲೂ ಇಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದಳು. “ಇದೀಯಾ ಅಪ್ಪಾ? ಇದೀಯಾ?” ಎಂದಷ್ಟೇ ಕೇಳಿದಳು.

ಸುತ್ತ ಜನ. “ಈಗಿನ ಮಕ್ಕಳಿಗೆ ಕೊಬ್ಬು” ಎಂದ ಒಬ್ಬ. ಇನ್ನಿಬ್ಬರು ಫೋನು ಎತ್ತಿ ಹಿಡಿದಿದ್ದರು. ಹಣೆ ಒಡೆದುಕೊಂಡ ಅಜ್ಜಿ ಮಾತ್ರ ಸೆರಗಿನಿಂದ ರಕ್ತ ಒತ್ತಿಕೊಂಡೇ, “ಬೈಬೇಡ್ರೋ, ಮಗು ನಡುಗ್ತಾ ಇದೆ” ಎಂದಳು.

ಶಾಲೆಯಲ್ಲಿ ಮಕ್ಕಳೊಂದಿಗೆ ಮಾತಾಡಲೆಂದೇ ಒಬ್ಬ ಮೇಡಂ ಇದ್ದಾರೆ. ನಮ್ಮ ಮನೆಯ ಮಗುವಿಗೆ ಮಾತ್ರ ಹೀಗೇಕೆ ಎಂದು ಅವರನ್ನು ಕೇಳಿದೆ. “ನಿಮ್ಮ ಮನೇದು ಮಾತ್ರ ಅಂತ ಯಾರು ಹೇಳಿದ್ರು? ನನ್ನ ಕೋಣೆ ಮುಂದಿನ ಬೆಂಚು ಖಾಲಿ ಇರೋದೇ ಇಲ್ಲ” ಎಂದರು. ಒಂದೇ ಕಾರಣ ಹೇಳಿ ಎಂದರೆ ತಮ್ಮಲ್ಲಿಲ್ಲವಂತೆ. ಒಬ್ಬಳಿಗೆ ಅಂಕಗಳ ಭಯ, ಒಬ್ಬನಿಗೆ ತನ್ನ ಮೂಗನ್ನು ಯಾರೋ ಆಡಿಕೊಂಡ ಫೋಟೊ. ಊರಾಚೆಯ ಬೆಂಕಿ, ಯುದ್ಧ, ಅಪಘಾತ ಎಲ್ಲ ಫೋನಿನ ಮೂಲಕ ಹಾಸಿಗೆಯೊಳಗೇ ಬಂದು ಕೂತರೆ ನಿದ್ದೆ ಎಲ್ಲಿಯದು ಎಂದರು. ಆಮೇಲೆ ಮೆಲ್ಲಗೆ, “ಅಪ್ಪ ಅಮ್ಮಂದಿರೂ ಕಮ್ಮಿ ಹೆದರಲ್ಲ ಬಿಡಿ” ಎಂದರು.

ನಿಜವಲ್ಲವೇ? ನಾವು ಚಿಕ್ಕವರಿದ್ದಾಗ ಬೆಳಿಗ್ಗೆ ಹೋದ ಅಪ್ಪ ಸಂಜೆ ಬರುವವರೆಗೆ ಇದ್ದಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಆಡಿಕೊಂಡಿದ್ದೆವು. ನಮ್ಮ ಮಗಳಿಗೆ ಮೊದಲ ಫೋನು ಕೊಟ್ಟ ದಿನ ನೀನೂ ನಾನೂ ಒಂದೇ ಮಾತು ಹೇಳಿದ್ದೆವು: ತಲುಪಿದ ತಕ್ಷಣ ತಿಳಿಸು, ಇಲ್ಲದಿದ್ದರೆ ನಮಗೆ ಜೀವದಲ್ಲಿ ಜೀವ ಇರುವುದಿಲ್ಲ. ಆ ಮಾತು ಅವಳಿಗೆ ಚೆನ್ನಾಗಿಯೇ ನಾಟಿದೆ.

ಮೇಡಂ ಅವಳನ್ನೇ ಕೇಳಿದರು, ಯಾವುದಕ್ಕೆ ಭಯ ಎಂದು. ಅವಳು ಹೇಳಿದಳು: “ಅಮ್ಮ ಹೋದ ದಿನ ನಾವೆಲ್ಲ ಕ್ಲಾಸಲ್ಲಿ ಯಾವುದೋ ಜೋಕಿಗೆ ನಗ್ತಾ ಇದ್ವಿ. ಅದೇ ಹೊತ್ತಲ್ಲಿ ಅಮ್ಮ ಮನೆ ಬಿಡ್ತಿದ್ದಳು. ನನಗೆ ಒಂಚೂರೂ ಗೊತ್ತಾಗ್ಲಿಲ್ಲ.”

ನಿನ್ನನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ. ನಾವಿಬ್ಬರೂ ಆಡಿದ ಮಾತುಗಳ ನಡುವೆ ಯಾರೇ ಆದರೂ ಎದ್ದು ಹೋಗುತ್ತಿದ್ದರು.

ಈಗ ಅವಳು ಶಾಲೆಗೆ ಹೋಗುತ್ತಿಲ್ಲ. ಹಗಲು ನನ್ನ ತಂಗಿ ಬಂದು ಜೊತೆಗಿರುತ್ತಾಳೆ. ಚಾರ್ಜರಿನ ವೈರು ಎಲ್ಲಿಯವರೆಗೆ ಎಟಕುತ್ತದೋ ಅಲ್ಲಿಯವರೆಗೆ ಮಲ್ಲಿಯ ಪ್ರಪಂಚ. ಒಮ್ಮೆ ಫೋನು ಕಿತ್ತುಕೊಂಡೆ. ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡಳು, ಉಸಿರಾಟ ಹೊರಗಿನವರೆಗೂ ಕೇಳಿಸುತ್ತಿತ್ತು. ಬಾಗಿಲ ಸಂದಿಯಲ್ಲಿ ನಾನೇ ಫೋನು ಒಳಗೆ ತೂರಿಸಿದೆ. ಆ ಮೇಡಂ ಹಾಗೆಲ್ಲ ಕಿತ್ತುಕೊಳ್ಳಬೇಡಿ ಎಂದಿದ್ದಾರೆ. ನೋಡದೆ ಇರುವ ಹೊತ್ತನ್ನು ಸ್ವಲ್ಪಸ್ವಲ್ಪವೇ ಹಿಗ್ಗಿಸಬೇಕಂತೆ, ಒಳ್ಳೆಯ ಡಾಕ್ಟರೊಬ್ಬರ ಹೆಸರೂ ಕೊಟ್ಟಿದ್ದಾರೆ. ಮೊದಲ ಭೇಟಿಗೆ ಅಪ್ಪ ಅಮ್ಮ ಇಬ್ಬರೂ ಬರಬೇಕಂತೆ.

ಬಾ. ನನ್ನ ಜೊತೆ ಸಂಸಾರ ಮಾಡು ಎನ್ನುತ್ತಿಲ್ಲ. ಜಗಳವಾಡಲೇಬೇಕೆಂದರೆ ಬೀದಿ ಕೊನೆಗೆ ಹೋಗಿ ಆಡೋಣ. ಆಸ್ಪತ್ರೆಯಲ್ಲಿ ಕಂಡವರ ನಾಡಿ ಹಿಡಿಯುವ ನರ್ಸು ನೀನು, ಒಮ್ಮೆ ಮಗಳ ಕೈ ಹಿಡಿದು ನೋಡು. ಆ ಬಡಿತಕ್ಕೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಕೈಕಾಲು ಆಡುತ್ತಿಲ್ಲ ಕಣೇ.

ದಾರಿ ಕಾಯುತ್ತಿರುವ
ಮಲ್ಲಿಯ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ದಿನದ ನಂತರ ನಾನು ಬಸ್ಸು ಓಡಿಸಿಲ್ಲ. ಸೀಟಿನ ಮೇಲೆ ಕೂತರೆ ಸಾಕು, ಕಾಲು ಬ್ರೇಕಿನಿಂದ ಮೇಲೇಳುವುದಿಲ್ಲ. ಮ್ಯಾನೇಜರನ್ನು ಬೇಡಿಕೊಂಡು ಡಿಪೋದ ವಿಚಾರಣೆ ಕೌಂಟರಿನಲ್ಲಿ ಕೂತಿದ್ದೇನೆ, ಈ ಕಾಗದವನ್ನೂ ಇಲ್ಲಿಂದಲೇ ಬರೆಯುತ್ತಿದ್ದೇನೆ. ತನ್ನಿಂದಲೇ ಹೀಗಾಯಿತೆಂದು ಕೊರಗುತ್ತಾಳೆಂದು ಮಲ್ಲಿಗೆ ಹೇಳಿಲ್ಲ. ಯಂತ್ರ ರಿಪೇರಿಯಾಗಿ ಚುಕ್ಕೆ ಮತ್ತೆ ಓಡುತ್ತಿದೆ, ನನ್ನ ಬಸ್ಸನ್ನು ಈಗ ಬೇರೆ ಡ್ರೈವರು ಓಡಿಸುತ್ತಾನೆ. ನಿನ್ನೆ ಊಟಕ್ಕೆ ಕೂತಾಗ ಅವಳು ಎಷ್ಟೋ ದಿನಗಳ ಮೇಲೆ ನಕ್ಕು, “ಇವತ್ತು ಎಲ್ಲೂ ಜಾಸ್ತಿ ಹೊತ್ತು ನಿಲ್ಲಿಸ್ಲಿಲ್ಲ ಅಲ್ವಾ ಅಪ್ಪಾ, ಚೆನ್ನಾಗಿ ಓಡಿಸಿದೆ” ಎಂದಳು. ಇನ್ನೊಂದು ತುತ್ತು ಹೆಚ್ಚಿಗೆ ತಿಂದಳು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಇದನ್ನು ಅವಳಿಗೆ ಹೇಳಲೇಬೇಕು. ಒಬ್ಬನೇ ಹೇಳಲಾರೆ.